ಎದುರು ಪಕ್ಷದ ಮಗಳು

ಜಗಳಕ್ಕೆ ಬಂದವರ ವಾದವನ್ನು ಅವರಿಗಿಂತ ಚೆನ್ನಾಗಿ ತಾನೇ ಮಂಡಿಸಿಬಿಡುವ ಹುಡುಗಿಯನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬಳನ್ನೇ. ನಮ್ಮ ಬೀದಿಯ ಸೈಕಲ್ ರಿಪೇರಿಯವನ ಮಗಳು. "ಅವರ ಕಡೆಯಿಂದ ನೋಡಿದ್ರೆ" ಎಂಬುದು ಅವಳ ಮಾತಿನ ಪಲ್ಲವಿ. ಪಂಕ್ಚರ್ ಹಾಕಿಸಿಕೊಂಡವನು ಮರುದಿನವೇ ಗಾಳಿ ಹೋಯಿತೆಂದು ಬಂದು ಕೂಗಾಡಿದರೆ, ಅಪ್ಪ ಬಾಯಿ ತೆರೆಯುವ ಮೊದಲೇ ಇವಳು ಗಿರಾಕಿಯ ಅಹವಾಲನ್ನೆಲ್ಲ ಸಾಂಗವಾಗಿ ಹೇಳಿ, ಅವನು ಹೌದು ಹೌದೆಂದು ತಲೆಯಾಡಿಸುವಂತೆ ಮಾಡಿ, ಆಮೇಲೆ ಮೆಲ್ಲಗೆ ಟೈರಿನಿಂದ ಹೊಸದೊಂದು ಮೊಳೆಯನ್ನು ಕಿತ್ತು ಅವನ ಅಂಗೈಗೆ ಹಾಕುತ್ತಿದ್ದಳು. "ಮನೇಲೇ ಎದುರು ಪಕ್ಷ ಸಾಕ್ಕೊಂಡಿದ್ದೀನಿ ನೋಡಿ ಸ್ವಾಮಿ" ಎಂದು ಅಪ್ಪ ನನ್ನ ಹತ್ತಿರ ಗೊಣಗುವನು. ಗೊಣಗುವಾಗ ಮೀಸೆಯಡಿಯ ನಗುವನ್ನು ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ.

ಅವಳ ನಡಿಗೆ ಓಟಕ್ಕಿಂತ ಕೂದಲೆಳೆಯಷ್ಟು ಕಡಿಮೆ. ವಾದಕ್ಕೆ ಕಾವು ಬಂತೆಂದರೆ ಮುಂದೆ ಹೋಗಿ, ನಮ್ಮತ್ತ ತಿರುಗಿ, ಹಿಂದುಹಿಂದಕ್ಕೆ ನಡೆಯುತ್ತಲೇ ಮಾತಾಡುವಳು. ಹಾಗೊಮ್ಮೆ ದೀಪದ ಕಂಬಕ್ಕೆ ಢಿಕ್ಕಿ ಹೊಡೆದು, ಕಂಬದ ಕ್ಷಮೆ ಕೇಳಿ, ಬಿಟ್ಟಲ್ಲಿಂದಲೇ ವಾಕ್ಯವನ್ನು ಮುಂದುವರಿಸಿದ್ದಕ್ಕೆ ನಾನೇ ಸಾಕ್ಷಿ. ಕಾನೂನು ಕಾಲೇಜು ಸೇರಿದಾಗ ಕೊಂಡ ಕರಿಕೋಟು ಯಾರೋ ಆಜಾನುಬಾಹು ವಕೀಲರು ತೊಟ್ಟು ಬಿಟ್ಟದ್ದು, ತೋಳನ್ನು ಎಷ್ಟು ಮಡಿಚಿದರೂ ಬೆರಳು ಹೊರಬರಲು ಹರಸಾಹಸ ಪಡಬೇಕಿತ್ತು. ಮಗಳು ಬ್ಯಾಂಕಿನ ಗಾಜಿನ ಹಿಂದೆ ತಣ್ಣಗೆ ಕುಳಿತರೆ ಸಾಕೆಂಬುದು ಅಮ್ಮನ ಆಸೆ. ಇವಳಿಗೋ, ವಕೀಲರನ್ನಿಡಲು ಕೈಲಾಗದವರಿಗೆ ಸರ್ಕಾರ ತೆರೆದಿರುವ ಕಾನೂನು ನೆರವಿನ ಕಚೇರಿಯ ಮುರುಕು ಕುರ್ಚಿಯ ಮೇಲೆಯೇ ಕಣ್ಣು.

ಅವಳು ಕೊನೆಯ ವರ್ಷದಲ್ಲಿದ್ದಾಗ ಬಂತು ನೋಡಿ ಸಂಕಟ. ಬೀದಿಯ ತುದಿಯಲ್ಲಿ ದೊಡ್ಡಾಸ್ಪತ್ರೆ. ಆಂಬುಲೆನ್ಸುಗಳು ಬೀದಿಯಲ್ಲಿ ಸಿಕ್ಕಿಬೀಳುತ್ತಿದ್ದವು. ಆದ್ದರಿಂದ ರಸ್ತೆ ಅಗಲವಾಗಬೇಕು, ಒಂದು ಸಾಲಿನ ಅಂಗಡಿಗಳು ನೆಲಸಮವಾಗಬೇಕು ಎಂದು ಪುರಸಭೆ ನಿರ್ಧರಿಸಿ, ಆಕ್ಷೇಪವಿದ್ದವರು ಬಂದು ಹೇಳಲೆಂದು ಸಭೆ ಕರೆಯಿತು. ಆ ಸಾಲಿನಲ್ಲಿ ಕೊಡೆ ರಿಪೇರಿ, ಗಡಿಯಾರ ರಿಪೇರಿ, ಇವಳಪ್ಪನ ಸೈಕಲ್ ಅಂಗಡಿ. ಅಂಗಡಿಯವರೆಲ್ಲ ಒಕ್ಕೊರಲಿನಿಂದ ಇವಳನ್ನೇ ಮುಂದೆ ಮಾಡಿದರು. ಮಾತಿಗೆ ಐದೇ ನಿಮಿಷ. ಗಂಟೆ ಬಾರಿಸಿದರೆ ಕುಳಿತುಕೊಳ್ಳಬೇಕು.

ನಾನೂ ಹೋಗಿದ್ದೆ. ಸಭಾಂಗಣ ಕಿಕ್ಕಿರಿದಿತ್ತು. ಹುಡುಗಿ ಎದ್ದು ನಿಂತಳು, ತೋಳು ಸರಿಪಡಿಸಿಕೊಂಡಳು, "ಆಸ್ಪತ್ರೆಯವರ ಕಡೆಯಿಂದ ನೋಡಿದ್ರೆ" ಎಂದು ಶುರುಮಾಡಿದಳು. ಅಯ್ಯೋ, ಏನು ಶುರುಮಾಡಿದಳು! ಆಂಬುಲೆನ್ಸಿನೊಳಗೆ ಉಸಿರಿಗಾಗಿ ಹೋರಾಡುವ ರೋಗಿ, ಪಕ್ಕದಲ್ಲಿ ಕೈ ಹಿಡಿದು ಕುಳಿತ ಮಗ, ಕಿಟಕಿಯಾಚೆ ಕದಲದ ಜನಸಂದಣಿ. ಇಡೀ ಸಭೆಯನ್ನೇ ಅವಳು ಆ ವಾಹನದೊಳಗೆ ಕೂರಿಸಿಬಿಟ್ಟಳು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡಳು. "ಇದು ಅವರ ವಾದ. ಇನ್ನು ನಮ್ಮದು" ಎಂದು ಅವಳು ಉಸಿರೆಳೆದುಕೊಳ್ಳುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಕೊಡೆ ರಿಪೇರಿಯವನು ಹಣೆ ಚಚ್ಚಿಕೊಂಡ. ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಹುಡುಗಿ ತಲೆ ತಗ್ಗಿಸಿ ಕುಳಿತಳು. ಆ ಕೋಟಿನೊಳಗೆ ಅವಳು ಇದ್ದಾಳೋ ಇಲ್ಲವೋ ಎನ್ನಿಸಿತು ನನಗೆ.

ಪುರಸಭೆಯ ಅಧ್ಯಕ್ಷೆ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ನಮ್ಮ ಪರವಾಗಿ ನಮ್ಮ ವಕೀಲರೇ ಇಷ್ಟು ಚೆನ್ನಾಗಿ ಹೇಳಲಿಲ್ಲಮ್ಮ. ನಿನ್ನ ಸಮಯ ಮುಗೀತು, ಸರಿ. ಆದರೆ ಈಗ ಪ್ರಶ್ನೆ ಕೇಳ್ತಿರೋದು ನಾನು. ಇದಕ್ಕೆ ನಿನ್ನ ಉತ್ತರ ಏನು?"

ಕೇಳಿದ ಪ್ರಶ್ನೆಗೆ ಕೊಡುವ ಉತ್ತರಕ್ಕೆ ಗಂಟೆಯಿಲ್ಲ. ಹುಡುಗಿ ಚಿಮ್ಮಿ ಎದ್ದಳು. ಆಂಬುಲೆನ್ಸು ಸಿಕ್ಕಿಬೀಳುವುದು ಅಂಗಡಿಗಳ ಮುಂದಲ್ಲ, ಆಸ್ಪತ್ರೆಯದೇ ಬಾಗಿಲಲ್ಲಿ. ರೋಗಿಗಳನ್ನು ನೋಡಲು ಬಂದವರ ಕಾರುಗಳು ಅಲ್ಲಿ ಎರಡೂ ಕಡೆ ನಿಂತಿರುತ್ತವೆ, ಹಿತ್ತಲಿನ ವಿಶಾಲ ಜಾಗಕ್ಕೆ ಮಾತ್ರ ಸದಾ ಬೀಗ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನಿಂತು ಕಣ್ಣಾರೆ ಕಂಡದ್ದನ್ನು ಅವಳು ಒಂದೊಂದಾಗಿ ಬಿಡಿಸಿಟ್ಟಳು. ಕೊನೆಗೆ ಸ್ವರ ತಗ್ಗಿಸಿ ಹೇಳಿದಳು:

"ನಮ್ಮ ತಪ್ಪೂ ಇದೆ ಮೇಡಂ. ನಮ್ಮಪ್ಪನ ಅಂಗಡಿ ಹಲಗೆ ರಸ್ತೆಗೆ ಬಂದಿದೆ. ಅದು ಹೋಗಲೇಬೇಕು."

"ನನ್ನ ಹಲಗೇನೂ ಬಿಡಲಿಲ್ಲವಲ್ಲ ಸ್ವಾಮಿ" ಎಂದು ಅಪ್ಪ ನನ್ನ ಕಿವಿಯಲ್ಲಿ ಉಸುರಿದ. ಅಷ್ಟು ಹೊತ್ತಿಗೆ ಅವನ ಕಣ್ಣು ತುಂಬಿಬಂದಿತ್ತು.

ಮರುದಿನ ಅಧ್ಯಕ್ಷೆ ತಾವೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದರು. ಹಿತ್ತಲಿನ ಬೀಗ ತೆರೆಯಿತು, ಕಾರುಗಳು ಅತ್ತ ಹೋದವು, ಆಂಬುಲೆನ್ಸುಗಳು ಸರಾಗವಾಗಿ ಒಳನುಗ್ಗತೊಡಗಿದವು. ಅಂಗಡಿಗಳು ಉಳಿದವು. ರಸ್ತೆಗೆ ಚಾಚಿದ್ದ ಹಲಗೆಗಳನ್ನು ಮಾತ್ರ ಕೀಳಬೇಕಾಯಿತು. ಎಲ್ಲರಿಗಿಂತ ಮೊದಲು ಸುತ್ತಿಗೆ ಹಿಡಿದವನು ಸೈಕಲ್ಲಿನವನೇ. ಅಮ್ಮ ಬ್ಯಾಂಕಿನ ಮಾತೆತ್ತುವುದನ್ನು ಬಿಟ್ಟಳು, ಹುಡುಗಿ ಕಾನೂನು ನೆರವಿನ ಕಚೇರಿಯ ಕುರ್ಚಿಗೆ ಅರ್ಜಿ ಹಾಕಿದಳು, ಮತ್ತು ನಾನು ನಾಚಿಕೆಯಿಲ್ಲದೆ ಬೀದಿಯಲ್ಲೆಲ್ಲ ಅವಳ ಡಂಗುರ ಸಾರಿದೆ.

ತಮ್ಮವರಿಗಾಗಿ ಗಂಟಲು ಹರಿದುಕೊಳ್ಳುವವರು ಊರಿಗೆ ನೂರು ಮಂದಿ ಸಿಕ್ಕಾರು. ಎದುರಿಗೆ ನಿಂತವನಿಗೂ ಒಂದು ಮನೆಯಿದೆ, ಒಂದು ಅವಸರವಿದೆ, ಕಾಯುತ್ತಿರುವ ಒಬ್ಬ ರೋಗಿಯಿದ್ದಾನೆ ಎಂಬುದನ್ನು ಮರೆಯದೆ ಹೋರಾಡುವವರು ವಿರಳ. ಇಂಥವರಿಂದ ಮನೆಯವರಿಗೆ ಎದೆಬಡಿತ ತಪ್ಪಿದ್ದಲ್ಲ. ಗೆಲುವು ಇವರ ಕೈಗೆ ಸಿಗುವುದೂ ಎಷ್ಟೋ ಸಲ ತಡವಾಗಿಯೇ. ಆದರೂ ನ್ಯಾಯದ ಬಾಗಿಲಿಗೆ ಹೋದ ದಿನ ಎದುರು ಪಕ್ಷದಲ್ಲಿ ಇಂಥವರೊಬ್ಬರು ನಿಂತಿದ್ದರೆ, ಸೋತವನೂ ತನ್ನ ಮಾತನ್ನು ಯಾರೋ ಕೇಳಿಸಿಕೊಂಡರೆಂಬ ಸಮಾಧಾನದಿಂದ ಮನೆಗೆ ಹೋಗಿ ನಿದ್ದೆ ಮಾಡುತ್ತಾನೆ.