ಇನ್ನೊಂದು ಜೋಡಿ ಮಣೆ

ಹೊಟ್ಟೆಯೊಳಗಿನ ಕೂಸಿಗೆ ಎಂಟನೇ ತಿಂಗಳಲ್ಲಿ ಲಿಂಗ ಕಟ್ಟಿಸುವುದು ಗುರುಶಾಂತಮ್ಮನ ಮನೆಯ ವಾಡಿಕೆ. ಗಂಡ ಹೆಂಡತಿ ಜೊತೆಯಾಗಿ ಮಣೆಯ ಮೇಲೆ ಕೂರುತ್ತಾರೆ. ಜಂಗಮ ಅಯ್ಯನವರು ತಾಯಿಯ ಕೊರಳಲ್ಲಿ, ಅವಳ ಲಿಂಗದ ಪಕ್ಕದಲ್ಲೇ ಕೂಸಿನದನ್ನೂ ಕಟ್ಟುತ್ತಾರೆ. ಹುಟ್ಟುವ ಮೊದಲೇ ಕೂಸು ಶಿವನಿಗೂ ಮನೆಗೂ ಸೇರಿದ ಹಾಗೆ.

ಆ ಸೋಮವಾರ ದಾವಣಗೆರೆಯ ಆ ಮನೆಯಲ್ಲಿ ಲಿಂಗ ಕಟ್ಟಿಸಬೇಕಾದ ಕೂಸುಗಳು ಎರಡಿದ್ದವು. ಹಾಕಲಿದ್ದ ಮಣೆ ಒಂದೇ ಜೋಡಿ. ಅದು ಭಾವನ ಮಗಳು ನಯನಾಳಿಗೆ.

ನಲವತ್ನಾಲ್ಕರ ಗುರುಶಾಂತಮ್ಮ ಮುಟ್ಟು ನಿಂತಾಗ ವಯಸ್ಸಾಯಿತು ಎಂದುಕೊಂಡಿದ್ದಳು. ಸುಸ್ತಾದರೆ, ಐದು ವರ್ಷದ ಮಗಳು ಅಂಕಿತಾಳ ಹಿಂದೆ ಓಡಿದ್ದಕ್ಕೆ ಎಂದುಕೊಂಡಿದ್ದಳು. ಸ್ಕ್ಯಾನಿಂಗಿನಲ್ಲಿ ನೋಡಿದರೆ ಕೂಸು ಕೈ ಆಡಿಸುತ್ತಿತ್ತು. ಹುಷಾರಾಗಿರಬೇಕು ಎಂದರು ಡಾಕ್ಟರಮ್ಮ. "ಕೊಟ್ಟೋನು ಶಿವ. ಇರ್ತೀನ್ರಿ" ಎಂದು ಎದ್ದು ಬಂದಿದ್ದಳು.

ಗಂಡ ಮಹಾಂತೇಶನಿಗೆ ಮಾತ್ರ ನಾಚಿಕೆ ಬಿಡಲಿಲ್ಲ.

"ನಯನಾನ ಬೀಗ್ರು ಬರ್ತಾರೆ. ಮಗಳ ಜೊತಿಗೆ ಚಿಕ್ಕಮ್ಮಾನೂ ಬಸುರಿ ಅಂದ್ರೆ ನಗಲ್ವಾ? ಹೆರಿಗೆ ಆಗೋತನ ಹರಿಹರದಾಗೆ ನಿಮ್ಮಕ್ಕನ ಮನ್ಯಾಗಿರು. ಲಿಂಗಾನೂ ಅಲ್ಲೇ ಕಟ್ಟಿಸಿದ್ರಾತು."

"ಮಣೆ ಮ್ಯಾಲೆ ಕೂಡಾಕೆ ನೀವು ಬರ್ತೀರೇನ್ರಿ?"

ಅವನು ಅಂಗಡಿಯ ಬೀಗದಕೈ ಹುಡುಕತೊಡಗಿದ.

ಸೋಮವಾರ ಬೆಳಿಗ್ಗೆಯೇ ಅವಳು ಮಗಳನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೊಕ್ಕನೂರಿನ ಮುದುಕಿಯೊಬ್ಬಳು ಕೂತಿದ್ದಳು.

"ಎಷ್ಟು ತಿಂಗಳವ್ವಾ?"

ಗುರುಶಾಂತಮ್ಮ ಸೆರಗು ಎಳೆದುಕೊಳ್ಳುವಷ್ಟರಲ್ಲಿ, ಮನೆಯಲ್ಲಿ ಅತ್ತೆ ಮೊಮ್ಮಗಳಿಗೆ ಹೇಳಿಕೊಟ್ಟಿದ್ದನ್ನು ಅಂಕಿತಾ ಒಪ್ಪಿಸಿಬಿಟ್ಟಳು: "ಪಾಪು ಅಲ್ಲ ಅಜ್ಜಿ, ನಮ್ಮವ್ವಂಗೆ ಗ್ಯಾಸು!"

"ಅಯ್ಯ ನಿನ್ನ! ಅಂಥ ಗ್ಯಾಸು ನಾನೂ ಆರು ಹಡ್ದೀನಿ ಕಣವ್ವ!"

ಸುತ್ತಲಿನವರೆಲ್ಲ ನಕ್ಕರು. ಗುರುಶಾಂತಮ್ಮನೂ ನಕ್ಕಳು. ನಗು ಮುಗಿಯುವಾಗ ಹೊಟ್ಟೆಯಲ್ಲಿ ಕೂಸು ಮಿಸುಕಿತು. ಬೆನ್ನಿಗೆ ಹುಟ್ಟುವುದನ್ನು ಒಡಹುಟ್ಟಿದವಳ ಬಾಯಿಂದಲೇ ಇಲ್ಲವೆನ್ನಿಸಿದೆವಲ್ಲ ಎಂದುಕೊಂಡು ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು.

"ಗ್ಯಾಸಲ್ಲಜ್ಜಿ, ಕೂಸು. ಎಂಟು ತಿಂಗಳು" ಎಂದಳು. ಹೊರಗಿನವರ ಮುಂದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು.

ಹರಿಹರದಲ್ಲಿ ಇಳಿದವಳು ಅಕ್ಕನ ಮನೆಯ ಕಡೆ ಹೋಗಲಿಲ್ಲ. ಹರಿಹರೇಶ್ವರನ ಮುಂದೆ ಕೈಮುಗಿದು ನಿಂತಳು. ಬೇಡುವುದೇನೂ ಇರಲಿಲ್ಲ, ಮಾಡಬೇಕೆಂದಿದ್ದನ್ನು ಸ್ವಾಮಿಗೆ ತಿಳಿಸಿದಳು, ಅಷ್ಟೆ. ಪೂಜಾ ಸಾಮಾನಿನ ಅಂಗಡಿಯಲ್ಲಿ ಒಂದು ಲಿಂಗ, ಶಿವದಾರ ಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮತ್ತೆ ದಾವಣಗೆರೆಯ ಬಸ್ಸು ಹತ್ತಿದಳು.

ಮನೆಯ ಪಡಸಾಲೆಯ ತುಂಬ ಬೀಗರು. ನಯನಾ ಮತ್ತು ಅವಳ ಗಂಡ ಆಗಲೇ ಮಣೆಯ ಮೇಲಿದ್ದರು. ಗುರುಶಾಂತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗಿನಿಂದ ಇನ್ನೆರಡು ಮಣೆ ತಂದು ಪಕ್ಕದಲ್ಲಿ ಹಾಕಿದಳು.

"ಏನೇ ಇದು, ಬೀಗ್ರ ಮುಂದೆ?" ಅತ್ತೆ ಪಿಸುಗುಟ್ಟಿದರು.

"ನಿಮ್ಮ ಮೊಮ್ಮಗೂಗೆ ಅತ್ತೆ. ಗ್ಯಾಸಿಗೆ ಯಾರೂ ಲಿಂಗ ಕಟ್ಟಲ್ಲ."

ನಯನಾ ಕಿಸಕ್ಕನೆ ನಕ್ಕು, "ಚಿಕ್ಕಮ್ಮ, ನನ್ನ ಹತ್ರಕ್ಕೆ ಬಾ" ಎಂದಳು.

ಅಯ್ಯನವರು ಜೋಳಿಗೆ ಮುಟ್ಟಿಕೊಂಡರು. "ಒಂದೇ ಲಿಂಗ ತಂದೀನಲ್ಲ ತಾಯಿ."

ಅವಳು ಸೆರಗಿನ ಗಂಟು ಬಿಚ್ಚಿ ಮುಂದಿಟ್ಟಳು.

"ಯಜಮಾನ್ರು?"

ಎಲ್ಲರೂ ಬಾಗಿಲ ಕಡೆ ನೋಡಿದರು. ಅಲ್ಲಿ ಮಹಾಂತೇಶ ನಿಂತಿದ್ದ. ಗುರುಶಾಂತಮ್ಮ ಮಾತ್ರ ತಿರುಗಿ ನೋಡಲಿಲ್ಲ. ಮಣೆಯ ಮೇಲೆ ಕೂತು, ಪಕ್ಕದ ಖಾಲಿ ಮಣೆಯ ಧೂಳನ್ನು ಅಂಗೈಯಿಂದ ಒರೆಸಿದಳು.

"ಬರ್ತಾರ್ರಿ ಅಯ್ನೋರೆ. ಬರೋತನ ನಾನು ಏಳಲ್ಲ."

ಬೀಗರಲ್ಲಿ ಯಾರೋ ಕೆಮ್ಮಿದರು. ಅಂಕಿತಾ ಓಡಿಹೋಗಿ ಅಪ್ಪನ ಬೆರಳು ಹಿಡಿದಳು. "ಅಪ್ಪಾ, ಅದು ಗ್ಯಾಸಲ್ಲಂತೆ!"

ಈ ಸಲ ಬೀಗರು ನಕ್ಕೇ ಬಿಟ್ಟರು. ಮಹಾಂತೇಶ ತಲೆ ತಗ್ಗಿಸಿಕೊಂಡೇ ಬಂದು, ಮಣೆಯ ಹತ್ತಿರ ನಿಂತ.

"ಸ್ವಲ್ಪ ಸರ್ಕೊ" ಎಂದ, ಮೆಲ್ಲಗೆ.

ಅವಳು ಸರಿಯಲಿಲ್ಲ.

"ನಿಮ್ಮ ಮಣೆ ನಿಮಗೈತೆ. ಕೂಡ್ರಿ."