ದೊರೆಯನ್ನು ಔಟ್ ಮಾಡಿದ ಶನಿವಾರ

ಆಲ್ಡ್ರಿಜ್ ದೊರೆ ಸರ್ಕಾರಿ ದೋಣಿಯಿಂದ ಇಳಿದಾಗ ಅವನ ಪೆಟ್ಟಿಗೆಗಳ ಜೊತೆ ಮೂರು ಬ್ಯಾಟುಗಳೂ ಇಳಿದವು. ನಮ್ಮೂರ ಹಿರಿಯ ಸೊಲೊಮೊನೆಗೆ ಆಗಲೇ ಅನುಮಾನ ಬಂತು. ಜಮೀನಿನ ವ್ಯಾಜ್ಯ ಕೇಳಲು ಬಂದವನಿಗೆ ಬ್ಯಾಟು ಯಾಕೆ?

ದೋಣಿಯವರು ಹೇಳಿದ್ದಿಷ್ಟು: ಅವನ ದೇಶದಲ್ಲಿ ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನಂತೆ, ಪೇಪರಿನಲ್ಲಿ ಚಿತ್ರ ಬಂದಿತ್ತಂತೆ. ಆಮೇಲೆ ಪರೀಕ್ಷೆ ಪಾಸು ಮಾಡಿ ನಮ್ಮ ಲಾವು ದ್ವೀಪಗಳಿಗೆ ಅಧಿಕಾರಿಯಾಗಿ ಬಂದಿದ್ದ.

ವ್ಯಾಜ್ಯ ಎದುರಿನ ನಡುಗಡ್ಡೆಯದ್ದು. ಅಲ್ಲಿನ ತೆಂಗು ನಮ್ಮದೋ, ಆಚೆ ಊರಿನ ಹಿರಿಯ ತೇವಿತನ ಜನರದ್ದೋ ಎಂದು ಸೋಮವಾರ ವಿಚಾರಣೆ. ಕಾಗದ ಪತ್ರ ಯಾರ ಹತ್ತಿರವೂ ಇಲ್ಲ. ಸಾಕ್ಷಿಯೆಂದು ಇದ್ದದ್ದು ನನ್ನ ಅಪ್ಪ ಪೆನಾಯಾ ಒಬ್ಬನೇ. ಹುಡುಗನಾಗಿದ್ದಾಗ ತನ್ನ ಅಪ್ಪನ ಜೊತೆ ಆ ಗಿಡಗಳನ್ನು ನೆಟ್ಟವನು. ಆ ವರ್ಷ ಅವನ ಕೆಮ್ಮು ಎದೆಗಿಳಿದಿತ್ತು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. ಅವನಿರುವಾಗಲೇ ಅವನ ಮಾತು ಕಾಗದದ ಮೇಲೆ ಬರಬೇಕಿತ್ತು.

ಶನಿವಾರ ದೊರೆ ಮತ್ತು ದೋಣಿಯವರು ಒಂದು ಕಡೆ, ನಾವು ಒಂದು ಕಡೆ ಕ್ರಿಕೆಟ್ಟಿಗೆ ನಿಂತೆವು. ತೇವಿತನ ಜನ ನೋಡಲು ಬಂದಿದ್ದರು. ದೊರೆಯನ್ನು ಔಟ್ ಮಾಡಕೂಡದು ಎಂದು ಸೊಲೊಮೊನೆ ಮೊದಲೇ ಹೇಳಿದ್ದ; ಹೇಳುವ ಅಗತ್ಯವೂ ಇರಲಿಲ್ಲ. ಮುಖಂಡನನ್ನಾಗಲಿ, ದೊಡ್ಡ ಅತಿಥಿಯನ್ನಾಗಲಿ ಮೈದಾನದಿಂದ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ದೊರೆಯೊಬ್ಬನನ್ನು ಬಿಟ್ಟು.

ನಾನು ತೊಟ್ಟಿಲ ಕೂಸೂ ಹೊಡೆಯುವಂಥ ಚೆಂಡು ಹಾಕಿದೆ. ಆದರೂ ಅವನು ಎತ್ತಿ ಹೊಡೆದು ಕ್ಯಾಚ್ ಕೊಡುತ್ತಿದ್ದ. ಮೊದಲನೆಯದು ಬಿಟ್ಟವನು ಸೊಲೊಮೊನೆಯ ಮಗ. ಹಾರುವ ಮೀನನ್ನು ಬರಿಗೈಲಿ ಹಿಡಿಯುವವನು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಬೆರಳು ಅಗಲಿಸಿದ್ದು ದೂರಕ್ಕೂ ಕಂಡು, ತೇವಿತನ ಕಡೆಯ ಹೆಂಗಸರು ಬಾಯಿಗೆ ಕೈ ಇಟ್ಟು ನಕ್ಕರು.

ದೊರೆ ಬ್ಯಾಟು ಇಳಿಸಿ ಸೀದಾ ನನ್ನ ಹತ್ತಿರ ಬಂದ. ನಮ್ಮ ಭಾಷೆಯನ್ನು ಪುಸ್ತಕ ಓದಿದ ಹಾಗೆ ಆಡುತ್ತಿದ್ದ.

"ಸೋಮವಾರ ನನ್ನಿಂದ ನಿಮಗೇನಾಗಬೇಕು?"

"ಏನಿಲ್ಲ ದೊರೆ. ಆಟ ಅಷ್ಟೆ."

"ಇದು ಆಟವಲ್ಲ. ಲಂಚವನ್ನು ಹೀಗೂ ಕೊಡಬಹುದು ಎಂದು ನನಗೆ ತಿಳಿದಿರಲಿಲ್ಲ."

ದೊರೆ ಈ ಅನುಮಾನ ಹೊತ್ತು ಕೂತರೆ ಸೋಮವಾರ ಅಪ್ಪ ಹೇಳುವ ಒಂದೊಂದು ಮಾತೂ ಹೇಳಿಕೊಟ್ಟದ್ದರಂತೆ ಕೇಳುತ್ತದೆ. ಮುಂದಿನ ಚೆಂಡನ್ನು ನಾನು ಎಂದಿನಂತೆ ನಿಜವಾಗಿಯೇ ಹಾಕಿದೆ. ನಡುವಿನ ಗೂಟ ಹಾರಿ ಬಿತ್ತು. ದೊರೆ ಮೊದಲ ಸಲ ನಕ್ಕು ಬ್ಯಾಟನ್ನು ಕಂಕುಳಲ್ಲಿಟ್ಟು ನಡೆದ. ಅಂಥ ಆಟಗಾರನಿಗೆ ಆ ಚೆಂಡು ತಪ್ಪುತ್ತದೆಯೇ, ಬೇಕೆಂದೇ ಬಿಟ್ಟನೇ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಸೊಲೊಮೊನೆ ನನ್ನ ತೋಳು ಹಿಡಿದ. "ಬುದ್ಧಿ ಎಲ್ಲಿಟ್ಟಿದ್ದೆಯೋ ಅಮಿನಿಯಾಸಿ? ಮನೆಗೆ ಬಂದೋನ್ನ ಹೊರಗೆ ಹಾಕಿದೀಯ, ಅದೂ ಈ ತೇವಿತನ ಜನರ ಕಣ್ಣೆದುರಿಗೆ."

ದೊರೆ ಹೇಳಿದ್ದನ್ನು ತಿಳಿಸಲು ಹೋದರೆ ಕೇಳಿಸಿಕೊಳ್ಳಲೇ ಇಲ್ಲ. ಅವಮಾನವನ್ನು ಅಂದಂದೇ ತೊಳೆಯಬೇಕು, ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಕಾಣಿಕೆಯಾದ ತಿಮಿಂಗಿಲದ ಹಲ್ಲು ಕೊಟ್ಟು ತಪ್ಪೊಪ್ಪಿಕೊಳ್ಳಬೇಕು ಎನ್ನುತ್ತ ಹೊರಟೇಬಿಟ್ಟ. ನಾನು ಓಡಿ ಹೋಗುವಷ್ಟರಲ್ಲಿ ಅವನು ದೊರೆಯ ಬಿಡದಿಯ ಮುಂದೆ ಚಕ್ಕಳಮಕ್ಕಳ ಕೂತು, ಎರಡೂ ಕೈಯಲ್ಲಿ ಹಲ್ಲನ್ನು ಮುಂದೆ ಚಾಚಿದ್ದ.

ದೊರೆಯ ಮುಖ ಬಿಗಿಯಿತು. ನಮ್ಮನ್ನು ಕೇಳಲಿಲ್ಲ, ಅಂಗಳದಲ್ಲಿದ್ದ ತೇವಿತನನ್ನು ಕರೆದು, ಇದು ನಡುಗಡ್ಡೆಗಾಗಿ ಕೊಡುತ್ತಿರುವುದೇ ಎಂದು ಕೇಳಿದ. ತೇವಿತ ಹೂಂ ಅಂದಿದ್ದರೆ ನಮ್ಮ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಗಡ್ಡ ಕೆರೆದುಕೊಳ್ಳುತ್ತ ಹಲ್ಲನ್ನೇ ನೋಡುತ್ತ ನಿಂತ. ನಾನು ಆಸೆ ಬಿಟ್ಟೆ.

"ಅಲ್ಲ ದೊರೆ," ಅಂದ. "ನಿಮ್ಮನ್ನ ಔಟ್ ಮಾಡಿದ್ದಕ್ಕೆ ತಪ್ಪುಕಾಣಿಕೆ. ನಮ್ಮೂರಾಗಿದ್ರೂ ಕೊಡ್ತಿದ್ವಿ. ಇಷ್ಟು ಚಿಕ್ಕದು ಕೊಡ್ತಿರಲಿಲ್ಲ, ಅಷ್ಟೆ."

ದೊರೆ ನಂಬಿದನೋ ಇಲ್ಲವೋ. ಇಂಥ ಕಾಣಿಕೆ ಬೇಡವೆಂದರೆ ಹಗೆ ಎಂಬಷ್ಟು ಮಾತ್ರ ಅವನಿಗೆ ಗೊತ್ತಿತ್ತು, ಹಲ್ಲನ್ನು ತೆಗೆದುಕೊಂಡ. ಆಮೇಲೆ, ಒಂದು ಕಡೆಯವರ ಕೈಯಿಂದ ಪಡೆದ ಮೇಲೆ ತಾನು ತೀರ್ಪು ಕೊಡಲಾಗದು, ಬರುವ ವರ್ಷ ಬೇರೆ ಅಧಿಕಾರಿ ಬರುತ್ತಾನೆ ಎಂದು ಹೇಳಿದ. ಸೊಲೊಮೊನೆ ಕೂತಲ್ಲೇ ಕುಗ್ಗಿದ.

ಬರುವ ವರ್ಷ ಅಪ್ಪ ಎಲ್ಲಿರುತ್ತಾನೆ? ನಾನು ಅಲ್ಲೇ ಮಂಡಿಯೂರಿದೆ. ತೀರ್ಪು ಯಾರಾದರೂ ಕೊಡಲಿ, ಅಪ್ಪನ ಮಾತನ್ನು ಈಗಲೇ ಬರೆದುಕೊಳ್ಳಿ, ತೇವಿತನೂ ಕೂತು ಕೇಳಲಿ ಎಂದು ಬೇಡಿಕೊಂಡೆ.

ದೊರೆ ನನ್ನನ್ನೂ ತೇವಿತನನ್ನೂ ಸರದಿಯಂತೆ ನೋಡಿದ. "ಇದನ್ನೂ ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಾ?"

"ಮಾತಾಡ್ಕೊಳ್ಳೋಕೆ ಬರ್ತಿದ್ರೆ ನಿಮ್ಮನ್ಯಾಕೆ ಕರೆಸ್ತಿದ್ವಿ ದೊರೆ," ಅಂದ ತೇವಿತ.

ಅಪ್ಪನನ್ನು ಚಾಪೆಯ ಮೇಲೆ ಕೂರಿಸಿದೆವು. ದೊರೆ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ, ಮೊದಲು ನೇರವಾಗಿ, ಆಮೇಲೆ ತಿರುಗಿಸಿ ಕೇಳಿದ. ಅಪ್ಪ ಸಾಲು ಸಾಲಾಗಿ ಹೇಳುತ್ತ ಹೋದ. ಪಡುವಣ ಸಾಲಿನ ಹತ್ತು ಮರ ನಮ್ಮದು, ಹನ್ನೊಂದನೆಯದು ನಮ್ಮದಲ್ಲ, ತೇವಿತನ ಅಜ್ಜ ನೆಟ್ಟದ್ದು ಅಂದ.

ತೇವಿತ ತಲೆಯೆತ್ತಿದ. ದೊರೆಯ ಲೇಖನಿ ನಿಂತಿತು. ಅದನ್ನು ಇನ್ನೊಮ್ಮೆ ಕೇಳಿದ.

ಅಪ್ಪ ಕೆಮ್ಮು ಮುಗಿಸಿ, ಅದನ್ನೇ ಇನ್ನೊಮ್ಮೆ ಹೇಳಿದ. ದೊರೆ ಬರೆದುಕೊಂಡ.