ಫೋನಿಗೆ ಅಂಕವಿಲ್ಲ

ನಾಲ್ಕು ಪ್ಲಾಸ್ಟಿಕ್ ಕುರ್ಚಿ ಎದೆಗೊತ್ತಿಕೊಂಡು ಮೂರನೇ ಮಹಡಿ ಹತ್ತುವಷ್ಟರಲ್ಲಿ ಅಧಿಕಾರಿಣಿಗೆ ಏದುಸಿರು ಬಂತು. ಕೆಳಗೆ ಯಾರೋ, "ಮೇಲಕ್ಕೇ ಹೋಗ್ತಿದ್ದೀರಲ್ಲ, ಇವನ್ನೂ ತಗೊಂಡು ಹೋಗಿ," ಎಂದು ಹೊರಿಸಿದ್ದರು. ಒಳ್ಳೆಯದೇ ಆಯಿತು. ಬರಿಗೈಯಲ್ಲಿ ಬಂದಿದ್ದರೆ ಯಾವ ಮುಖ ಇಟ್ಟುಕೊಂಡು ಆ ಬಾಗಿಲಲ್ಲಿ ನಿಲ್ಲುತ್ತಿದ್ದಳೋ.

ನಡುಮನೆಯಲ್ಲಿ ಗುಮಾಸ್ತರು ಶವಪೆಟ್ಟಿಗೆಯೊಳಗೆ ಮಲಗಿದ್ದರು. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿದ ಜೀವ. ಕನ್ನಡಕವಿಲ್ಲದ ಮುಖ ಯಾರದೋ ಅನ್ನಿಸುತ್ತಿತ್ತು. ಅವರ ಹೆಂಡತಿ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಆಫೀಸಿನ ಹೊಸ ಮೇಡಂ ನೀವೇ ಅಲ್ವಾ? ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೊನೇ ವರ್ಷ ಎಲ್ಲರ ಕೆಲಸ ಅಳೆದ್ರಂತಲ್ಲ, ಇವರಿಗೆ ಎಷ್ಟು ಅಂಕ ಬಂತು? ಕೇಳಿದಾಗಲೆಲ್ಲ ಮಾತು ಹಾರಿಸಿಬಿಡೋರು."



*

ಅಳೆದವಳು ಅವಳೇ. ಹಳೆಯ ವಿದ್ಯಾರ್ಥಿಗಳ ಒಡನಾಟಕ್ಕೆ ಹೊಸ ಪದ್ಧತಿ ಬಂದಿತ್ತು: ಕಳಿಸಿದ ಇಮೇಲನ್ನು ಅವರು ತೆರೆದರೆ ಕಳಿಸಿದ ಸಿಬ್ಬಂದಿಗೆ ಒಂದು ಅಂಕ, ಸಮಾರಂಭಕ್ಕೆ ಬಂದರೆ ಐದು. ಗುಮಾಸ್ತರೋ, ದಿನಕ್ಕೆ ಹತ್ತು ಜನಕ್ಕೆ ಫೋನು ಹಚ್ಚಿ ಯೋಗಕ್ಷೇಮ ಕೇಳುವ ಆಸಾಮಿ. ಫೋನಿಗೆ ಅಂಕವಿರಲಿಲ್ಲ. ಸಾಲದ್ದಕ್ಕೆ ಅವರ ಪಟ್ಟಿಯಲ್ಲಿ ನಲವತ್ತಮೂರು ಜನ ಪದವಿಯನ್ನೇ ಮುಗಿಸದವರು.

"ಸರ್, ಇವರು ಹಳೆಯ ವಿದ್ಯಾರ್ಥಿಗಳೇ ಅಲ್ವಲ್ಲ?"

"ಮತ್ತೇನು, ಹೊಸಬರಾ?" ಗುಮಾಸ್ತರು ನಕ್ಕಿದ್ದರು. "ಫೇಲಾದವರೂ ಅದೇ ಬೆಂಚಲ್ಲಿ ಕೂತಿದ್ದವರೇ ತಾಯಿ. ಪಾಸಾದವರನ್ನ ವಿಚಾರಿಸೋಕೆ ನೂರು ಜನ ಇರ್ತಾರೆ."

ಅವಳು ನಲವತ್ತಮೂರು ಹೆಸರನ್ನೂ ಅಳಿಸಿದಳು. ವರದಿಯಲ್ಲಿ ಗುಮಾಸ್ತರ ಹೆಸರಿನ ಮುಂದೆ ಸೊನ್ನೆ ಬಿತ್ತು; ಮರುವಾರ ಅವರ ಮೇಜಿನ ಫೋನೂ ಹೋಯಿತು. ನಿವೃತ್ತಿಗೆ ಉಳಿದಿದ್ದ ಎಂಟು ತಿಂಗಳನ್ನು ಲಕೋಟೆಗೆ ವಿಳಾಸದ ಚೀಟಿ ಅಂಟಿಸುತ್ತ ಕಳೆದರು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಬೈದಿದ್ದರೆ ಇವತ್ತು ಇಷ್ಟು ಸಂಕಟವಾಗುತ್ತಿರಲಿಲ್ಲ.

*

"ಸೊನ್ನೆ," ಎಂದಳು. "ಕೊಟ್ಟವಳು ನಾನೇ ಅಮ್ಮ." ಹೇಳಿದ್ದೇ ತಡ, ಗಳಗಳನೆ ಅತ್ತುಬಿಟ್ಟಳು.

ಆಕೆ ಗಂಡನತ್ತ ತಿರುಗಿದರು. "ಸೊನ್ನೆನಾ? ಅದಕ್ಕೇ ಹೇಳಿಲ್ಲ ನೋಡು ಮಹಾರಾಯ," ಎನ್ನುತ್ತ ಪೆಟ್ಟಿಗೆಯ ಅಂಚು ಸವರಿದರು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವೂ ಇತ್ತು. "ಸುಮ್ನಿರು ಕಣಮ್ಮ. ನಿನ್ನ ಬಗ್ಗೆ ಒಂದು ಕೆಟ್ಟ ಮಾತಾಡಿದವರಲ್ಲ ಅವರು."

ಬಾಗಿಲ ಬಳಿ ನಿಂತಿದ್ದ ಆರಡಿಯ ಬಸ್ ಡ್ರೈವರ್ ಒಬ್ಬ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದ.

"ನಾನು ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದು ಕಾಲೇಜು ಬಿಟ್ಟವನು ಮೇಡಂ. ಹದಿನೇಳು ವರ್ಷದಿಂದ ಫೋನ್ ಮಾಡ್ತಿದ್ರು. ಮಗಳಿಗೆ ಜ್ವರ ಬಂದ್ರೂ ಗೊತ್ತಿರೋದು ಅವರಿಗೆ."

"ನಿಮ್ಮ ಹೆಸರನ್ನ ಹೋದ ವರ್ಷವೇ ಪಟ್ಟಿಯಿಂದ ತೆಗೆದುಬಿಟ್ಟಿದ್ದೆ," ಎಂದಳು ಅವಳು.

"ತೆಗೆದ್ರಾ?" ಡ್ರೈವರ್ ನಿಜಕ್ಕೂ ಬೆರಗಾದ. "ನಂಗೆ ಗೊತ್ತೇ ಆಗ್ಲಿಲ್ಲ. ಹೋದ ಭಾನುವಾರನೂ ಫೋನ್ ಬಂದಿತ್ತಲ್ಲ."

ಲಿಫ್ಟಿಲ್ಲದ ಕಟ್ಟಡ. ಪೆಟ್ಟಿಗೆಯನ್ನು ಹೊತ್ತು ಮೆಟ್ಟಿಲಲ್ಲೇ ಕೆಳಗಿಳಿಸಬೇಕು. ಡ್ರೈವರ್ ಸೇರಿ ಮೂವರು ಸಿಕ್ಕಿದ್ದರು, ಇನ್ನೊಂದು ಹೆಗಲು ಬೇಕಿತ್ತು. "ನಾನು ಬರ್ತೀನಿ," ಎಂದು ಅವಳು ಡ್ರೈವರ್ ಪಕ್ಕಕ್ಕೆ ಹೋಗಿ ನಿಂತಳು. ಯಾರೂ ಬೇಡವೆನ್ನಲಿಲ್ಲ.

ಎತ್ತಿದಾಗ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಡ್ರೈವರ್ ಮಂಡಿ ಬಗ್ಗಿಸಿ ತನ್ನ ಹೆಗಲನ್ನು ಅವಳ ಹೆಗಲಿನಷ್ಟೇ ತಗ್ಗಿಗೆ ತಂದ. ಹಾಗೆ ಬಗ್ಗಿಕೊಂಡೇ, ಒಂದೊಂದು ಮೆಟ್ಟಿಲಿಗೂ ಅವಳಿಗಾಗಿ ನಿಂತು, ಮೂರು ಮಹಡಿಯೂ ಇಳಿದ.